ಅಡುಗೆಮನೆಯ ಗೋಡೆಕಪಾಟಿಗೆ ಗೆರೆಬಣ್ಣ, ಮೇಲಿನ ಬಾಗಿಲಿಗೆ ಉಬ್ಬುಬಳ್ಳಿ

ಮೈಸೂರಿನ ಚಾಮುಂಡಿಪುರಂನಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ಈ ಬೇಸಿಗೆಯಲ್ಲಿ ಮೂರು ಸಾಮಾನುಗಳಿಗೆ ಹೊಸ ಬಣ್ಣ ಕೊಟ್ಟೆ. ಒಂದು, ಅಡುಗೆಮನೆಯ ಗೋಡೆಯೊಳಗೇ ಕೂರಿಸಿದ ಹಳೆಯ ಕಪಾಟು. ಇನ್ನೊಂದು, ಅದರ ಎದುರಿಗೆ ಈಚೆಗೆ ಮಾಡಿಸಿದ ಸನ್ಮೈಕಾದ ಕ್ಯಾಬಿನೆಟ್. ಮೂರನೆಯದು ಹಜಾರದ ಕಬ್ಬಿಣದ ಬೀರು. ಬೀರುವಿನ ಕತೆ ಚಿಕ್ಕದು, ಕ್ಯಾಬಿನೆಟ್ಟಿನದು ಸಾಧಾರಣ. ಗೋಡೆಕಪಾಟಿನ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕು. ಅಂಥ ಕಪಾಟು ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿದೆ ಮತ್ತು ಅದನ್ನು ಕಿತ್ತು ಬಿಸಾಡುವವರು ಹೆಚ್ಚುತ್ತಿದ್ದಾರೆ.

ಮೇಲೆ ಎರಡು ಬಾಗಿಲು, ಕೆಳಗೆ ಎರಡು. ತೇಗದ ಚೌಕಟ್ಟು, ನಡುವೆ ಹಲಸಿನ ಹಲಗೆ. ಹಸಿರು ಎನಾಮೆಲ್ ಅದರ ಮೇಲೆ ಎಷ್ಟು ಸಲ ಬಿದ್ದಿತ್ತೆಂದರೆ ಚೌಕಟ್ಟಿನ ಒಳಅಂಚಿಗೆ ಬಡಗಿ ಎಳೆದಿದ್ದ ಸಣ್ಣ ಗೋಲುಗೆರೆ, ಅಂದರೆ ದುಂಡಂಚಿನ ಕೆತ್ತನೆ, ಪೂರ್ತಿ ಹೂತುಹೋಗಿತ್ತು. ಒಲೆಯ ಕಡೆಯ ಬಾಗಿಲ ಮೇಲೆ ಜಿಡ್ಡು ಮತ್ತು ಮಸಿ ಸೇರಿ ಕಂದು ಪೊರೆ ಕಟ್ಟಿತ್ತು. "ಇದಕ್ಕೂ ಸನ್ಮೈಕಾ ಹೊಡೆಸಿಬಿಡಪ್ಪ, ಒರೆಸುವುದಕ್ಕೆ ಸುಲಭ" ಎಂದರು ದೊಡ್ಡಮ್ಮ. ಅವರ ಮಾತಿನಲ್ಲಿ ಹುರುಳಿದೆ. ದಿನಾ ಒರೆಸುವವರು ಅವರು. ಹಾಗಾಗಿ ಅಲಂಕಾರ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ಒರೆಸುವ ಬಟ್ಟೆಯೇ ತೀರ್ಮಾನಿಸಲಿ ಎಂದುಕೊಂಡೆ. ಕೆಳಗಿನ ಬಾಗಿಲುಗಳಿಗೆ ನೀರು, ಎಣ್ಣೆಕೈ, ಕಾಲು ಎಲ್ಲವೂ ತಾಗುತ್ತವೆ. ಅಲ್ಲಿ ನುಣುಪಾದ, ಗಟ್ಟಿಯಾದ ಬಣ್ಣ ಮಾತ್ರ. ಮೇಲಿನ ಬಾಗಿಲುಗಳ ನಡುಹಲಗೆಗೆ ಕೈ ಹೋಗುವುದು ಅಪರೂಪ. ಉಬ್ಬುಕೆಲಸ ಏನಿದ್ದರೂ ಅಲ್ಲೇ.

ಶುರು ಮಾಡುವ ಮೊದಲು ಪರಿಚಯದ ಬಡಗಿ ಆಚಾರ್ಯರೊಬ್ಬರನ್ನು ಕರೆದು ತೋರಿಸಿದೆ. ಅವರು ಕೀಲಿನ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಉಳಿಯ ತುದಿಯಿಂದ ಬಣ್ಣವನ್ನು ಎಬ್ಬಿಸಿ ನೋಡಿದರು. ಗೆದ್ದಲು ಇಲ್ಲ, ಮರ ಗಟ್ಟಿ. ಒಂದು ವೇಳೆ ಅಡಿಯಲ್ಲಿ ಬೀಟೆ ಸಿಕ್ಕಿದ್ದರೆ ನಾನು ಬಣ್ಣದ ಡಬ್ಬಿಯನ್ನು ತೆರೆಯುತ್ತಲೇ ಇರಲಿಲ್ಲ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತದ ಕುಸುರಿಯನ್ನು ಕಂಡವರಿಗೆ ಆ ಮರದ ಮೇಲೆ ಎನಾಮೆಲ್ ಬಳಿಯಲು ಮನಸ್ಸು ಬರುವುದಿಲ್ಲ. ಆದರೆ ಮರಕ್ಕೆ ಬಣ್ಣ ಹಚ್ಚುವುದೇ ಮರಕ್ಕೆ ಮಾಡುವ ಅನ್ಯಾಯ ಎಂದು ಈಗ ಕೆಲವರು ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ: 1784ರ ಕಟ್ಟಡ, ಬಹುಪಾಲು ತೇಗ, ಕಂಬ, ಗೋಡೆ, ಮುಚ್ಚಿಗೆ ಎನ್ನದೆ ಮೈಯೆಲ್ಲ ಬಣ್ಣದ ಚಿತ್ರ, ಹೂಬಳ್ಳಿ. ನಮ್ಮ ಕಡೆ ಮರದ ಮೇಲೆ ಚಿತ್ರ ಬಿಡಿಸುವುದು ಹೊಸ ಷೋಕಿಯಲ್ಲ.

ಮೊದಲ ಪರೀಕ್ಷೆ ಹಳೆಯ ಬಣ್ಣದ ಜಾತಿ ಯಾವುದೆಂದು ತಿಳಿಯುವುದು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಚೆನ್ನಾಗಿ ಉಜ್ಜಿದರೆ ನೀರಿನ ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿಕೊಳ್ಳುತ್ತದೆ. ಎಣ್ಣೆ ಬಣ್ಣ ಜಗ್ಗುವುದಿಲ್ಲ. ನಮ್ಮದು ಜಗ್ಗಲಿಲ್ಲ. ಎಣ್ಣೆ ಬಣ್ಣದ ಹೊಳಪಿನ ಮೇಲೆ ನೇರವಾಗಿ ನೀರಿನ ಬಣ್ಣ ಬಳಿದರೆ ಉಗುರಿಗೆ ಸಿಪ್ಪೆಯಂತೆ ಏಳುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು ಬಿಡಬಾರದು.

ಇನ್ನೊಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪಿನಲ್ಲಿ, ಸೀಸ ಇರಬಹುದು ಎಂದೇ ಎಣಿಸಿ ಕೆಲಸ ಮಾಡಬೇಕು. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿ ಧೂಳೆಬ್ಬಿಸಬಾರದು, ಬ್ಲೋ ಲ್ಯಾಂಪ್‌ನಿಂದ ಸುಡಲೂಬಾರದು. ನಾನು ಬಾಗಿಲುಗಳನ್ನು ಬಿಚ್ಚಿ ಹಿತ್ತಲಿಗೆ ಒಯ್ದು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ವಾಟರ್ ಪೇಪರ್‌ನಿಂದ ಉಜ್ಜಿದೆ. ಮೂಗಿಗೆ ಎನ್-95 ಮಾಸ್ಕ್. ಮನೆಯ ಮಕ್ಕಳನ್ನು ಆ ಕಡೆ ಸುಳಿಯಲು ಬಿಡಲಿಲ್ಲ. ಉದುರಿದ ಚಕ್ಕೆ, ಕೆಸರು, ಒರೆಸಿದ ಬಟ್ಟೆ ಎಲ್ಲವನ್ನೂ ಹಾಳೆಯ ಸಮೇತ ಸುತ್ತಿ, ಬಿಗಿದು ಕಟ್ಟಿ, ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಟ್ಟೆ. ಅದನ್ನು ಹಿತ್ತಲ ಮಣ್ಣಿಗೆ ಕೊಡವಬಾರದು. ಅಲ್ಲಿ ಕರಿಬೇವಿನ ಗಿಡವಿದೆ.

ಉಜ್ಜುವುದಕ್ಕೂ ಮುಂಚೆ ತೊಳೆಯಬೇಕು. ಕ್ರಮ ತಪ್ಪಿದರೆ ಉಜ್ಜುವ ಕಾಗದವೇ ಜಿಡ್ಡನ್ನು ಮರದೊಳಕ್ಕೆ ಒತ್ತಿ ಕೂರಿಸುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗೆ ಗ್ಲೌಸ್ ತೊಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗಳನ್ನು ತಿಕ್ಕಿದೆ. ಆಮೇಲೆ ಬರಿ ನೀರಿನಲ್ಲಿ ಎರಡು ಸಲ ಒರೆಸಬೇಕು. ಸೋಡಾ ಉಳಿದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಬಾಗಿಲು ಬಿಚ್ಚುವಾಗ ಪ್ರತಿ ಬಾಗಿಲಿಗೂ ಅದರ ಕೀಲಿಗೂ ಒಂದೇ ಸಂಖ್ಯೆಯ ಟೇಪ್ ಅಂಟಿಸಿದ್ದೆ. ಹಳೆಯ ಮನೆಯ ಚೌಕಟ್ಟಿನಲ್ಲಿ ಯಾವ ಮೂಲೆಯೂ ಲಂಬವಾಗಿರುವುದಿಲ್ಲ, ಎಡದ ಬಾಗಿಲು ಬಲಕ್ಕೆ ಕೂರುವುದಿಲ್ಲ.

ಎಷ್ಟು ಬಣ್ಣ ತೆಗೆಯಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮರ ಕಾಣುವವರೆಗೆ ಬೇಕಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡಿರುವ ಹಳೆಯ ಬಣ್ಣ ಒಳ್ಳೆಯ ತಳಪಾಯ. ಎದ್ದಿರುವುದನ್ನು, ಗಂಟುಗಂಟಾಗಿ ಇಳಿದಿರುವುದನ್ನು ಕೆರೆದರೆ ಸಾಕು; ಉಳಿದದ್ದರ ಹೊಳಪು ಹೋಗಿ ಮಬ್ಬಾದರೆ ಸಾಕು. 120ರ ಕಾಗದದಿಂದ ಆರಂಭಿಸಿ 220ಕ್ಕೆ ಬಂದೆ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು). ಹೂತುಹೋಗಿದ್ದ ಗೋಲುಗೆರೆಯೊಂದನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಒದ್ದೆ ಮಾಡಿ, ಸಣ್ಣ ಉಳಿಯ ಮೂಲೆಯಿಂದ ಗೆರೆಯ ಉದ್ದಕ್ಕೂ ಬಣ್ಣವನ್ನು ಎಬ್ಬಿಸುತ್ತಾ ಹೋದೆ. ಹಸಿರಿನ ಅಡಿಯಲ್ಲಿ ತಿಳಿನೀಲಿ, ಅದರ ಅಡಿಯಲ್ಲಿ ಕೆನೆಬಣ್ಣ, ಅದರ ಅಡಿಯಲ್ಲಿ ಕಾವಿಗೆ ಹತ್ತಿರದ ಕೆಂಪು, ಆಮೇಲೆ ಮರ. ನೀಲಿಯನ್ನು ತೋರಿಸಿದಾಗ ದೊಡ್ಡಮ್ಮ "ಇದು ನಾನು ಮದುವೆಯಾಗಿ ಬಂದಾಗ ಇತ್ತು" ಎಂದರು. ಗೆರೆ ಬಿಡಿಸಿಕೊಂಡ ಮೇಲೆ ಬಾಗಿಲಿನ ಮುಖವೇ ಬೇರೆಯಾಯಿತು. ನೆರಳು ಬೀಳಲು ಒಂದು ಅಂಚು ಸಿಕ್ಕಿತು. ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದೇ, ಹೆಚ್ಚು ಫಲ ಕೊಟ್ಟದ್ದೂ ಇದೇ.

ಮಸಿ, ಎಣ್ಣೆಕಲೆ, ಮರದ ಗಂಟು, ಇವು ಪ್ರೈಮರ್ ಮೇಲೂ ಹಳದಿಯಾಗಿ ಮೂಡಿ ಬರುತ್ತವೆ. ಹಲಸಿನ ಮರಕ್ಕಂತೂ ತನ್ನದೇ ಹಳದಿ ಬಣ್ಣವಿದೆ. ಅದನ್ನು ತಡೆಯಲು ಅರಗಿಗಿಂತ (ಶೆಲ್ಯಾಕ್) ಒಳ್ಳೆಯದು ನಾನು ಕಂಡಿಲ್ಲ. ಮೇಣ ತೆಗೆದ ಅರಗಿನ ಚಕ್ಕೆಯನ್ನು ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 240 ಗ್ರಾಂ ಲೆಕ್ಕದಲ್ಲಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಕಬ್ಬಿಣದ ಡಬ್ಬಿಯಲ್ಲಿ ನೆನೆಸಿದರೆ ಕಪ್ಪಾಗುತ್ತದೆ. ಮೈಸೂರಿನವರಿಗೆ ಅರಗು ಪರಕೀಯ ವಸ್ತುವಲ್ಲ. ಮತದಾನದ ಶಾಯಿಯಿಂದ ಹೆಸರಾದ ನಮ್ಮ ಊರಿನ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಶಾಯಿ ಬಂದದ್ದು 1962ರ ಚುನಾವಣೆಗೆ. ಕಲೆಯಿದ್ದ ಕಡೆ ಎರಡು ಕೋಟ್ ಅರಗು ಹಚ್ಚಿದೆ. ಸ್ಪಿರಿಟ್ ಆರಿಹೋಗುವುದರಿಂದ ಅರ್ಧ ಗಂಟೆಯಲ್ಲಿ ಮುಟ್ಟುವಂತಾಗುತ್ತದೆ. ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ತೂತು, ಬಿರುಕುಗಳಿಗೆ ಪುಟ್ಟಿ. ತೇಗಕ್ಕೆ ಸ್ವಂತ ಎಣ್ಣೆಯ ಅಂಶವಿರುವುದರಿಂದ ಮರ ತೆರೆದುಕೊಂಡ ಕಡೆ ತಿನ್ನರ್‌ನಲ್ಲಿ ಒರೆಸಿ, ಆಮೇಲೆ ಬಿಳಿ ವುಡ್ ಪ್ರೈಮರ್ ಒಂದು ಕೋಟ್, ಮಾರನೆಯ ದಿನ 320ರ ಕಾಗದದಿಂದ ಹಗುರವಾಗಿ ಉಜ್ಜಿ ಇನ್ನೊಂದು ಕೋಟ್.

ಈಗ ಉಬ್ಬುಕೆಲಸ. ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆ, ಕಂಬ, ಪ್ರಭಾವಳಿಗಳನ್ನು ತುಸುವೇ ಎತ್ತರಿಸಿ ಚಿನ್ನದ ಹಾಳೆ ಕೂರಿಸುವ ಜೆಸ್ಸೋ ಕೆಲಸ ಎಲ್ಲರಿಗೂ ಗೊತ್ತು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅಂಥವನ್ನು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಬೇಕು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಕಲ್ಲುಗಳ ಜೋಡಣೆಯೂ ಇರುತ್ತದೆ. ನಮ್ಮಲ್ಲಿ ಉಬ್ಬು ಬಹಳ ತೆಳು. ಅಡುಗೆಮನೆಗೆ ಈ ತೆಳುವೇ ಸರಿ. ದಪ್ಪ ಉಬ್ಬಿನ ಸಂದಿಯಲ್ಲಿ ಧೂಳು, ಜಿಡ್ಡು ಕೂತರೆ ತೆಗೆಯಲಾಗುವುದಿಲ್ಲ. ಹಿಂದಿನ ಚಿತ್ರಗಾರರು ಬಳಸುತ್ತಿದ್ದ ಸಫೇದ ಎಂಬ ಬಿಳಿ ಪುಡಿಯಲ್ಲಿ ಸೀಸದ ಬಿಳಿ ಇರುತ್ತಿತ್ತು. ಸೀಸವನ್ನು ಅಷ್ಟು ಎಚ್ಚರದಿಂದ ಹೊರಹಾಕಿದ ಬಾಗಿಲಿಗೆ ಮತ್ತೆ ಸೀಸ ತರುವ ಮಾತಿಲ್ಲ. ಚಾಕ್ ಪೌಡರನ್ನು ತೆಳುಬಟ್ಟೆಯಲ್ಲಿ ಸೋಸಿ, ಮೂರು ಪಾಲು ಪುಡಿಗೆ ಒಂದು ಪಾಲು ಫೆವಿಕಾಲ್, ಬೇಕಾದಷ್ಟೇ ನೀರು. ಹದ ದೋಸೆಹಿಟ್ಟಿಗಿಂತ ಒಂದು ಕೈ ಗಟ್ಟಿ: ಬ್ರಷ್ ತುದಿಯಿಂದ ಇಳಿಯಬೇಕು, ಇಳಿದ ಮೇಲೆ ಹರಡಬಾರದು.

ಬಳ್ಳಿಯ ನಕ್ಷೆಯನ್ನು ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಲಗೆಯ ಮೇಲಿಟ್ಟು, ಬಟ್ಟೆಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದೆ. ಕಾಗದ ಎತ್ತಿದರೆ ಚುಕ್ಕೆಗಳ ಸಾಲು. ಅದೇ ಕಾಗದವನ್ನು ಮಗುಚಿ ಇನ್ನೊಂದು ಬಾಗಿಲಿಗೆ ಹಾಕಿದರೆ ಎರಡು ಬಳ್ಳಿಗಳೂ ಒಂದಕ್ಕೊಂದು ಎದುರುಬದುರಾಗುತ್ತವೆ. ದಪ್ಪ ಕಾಂಡಕ್ಕೆ ಗೋರಂಟಿಯ ಕೋನ್, ಎಲೆಗೆ ಸೊನ್ನೆ ನಂಬರಿನ ಬ್ರಷ್. ಎಲೆಯೊಂದನ್ನು ಹೀಗೆ ಮಾಡುತ್ತೇನೆ: ಮೊದಲು ನಡುನರದ ಮೇಲೆ ಒಂದು ಎಳೆ. ಅದು ಮಬ್ಬಾಗುವವರೆಗೆ, ಅಂದರೆ ಒದ್ದೆಯ ಹೊಳಪು ಹೋಗುವವರೆಗೆ, ಬೇರೆ ಎಲೆಗೆ ಹೋಗುವುದು. ಮರಳಿ ಬಂದು ನರದ ಎರಡೂ ಕಡೆ ಅಂಚಿನತ್ತ ತೆಳುವಾಗಿ ಎಳೆಯುವುದು. ಮೂರನೆಯ ಸಲ ಮತ್ತೆ ನರದ ಮೇಲಷ್ಟೇ. ಹೀಗೆ ಏರಿಸಿದರೆ ಎಲೆಯ ಅಂಚು ಹಲಗೆಯೊಳಗೆ ಕರಗಿದಂತೆ ಕಾಣುತ್ತದೆ, ನಡು ಮಾತ್ರ ಎದ್ದಿರುತ್ತದೆ. ಒಂದೇ ಸಲಕ್ಕೆ ದಪ್ಪವಾಗಿ ಸುರಿದರೆ ನೀರು ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ. ಎಲ್ಲ ಒಣಗಿದ ಮೇಲೆ ಬೆರಳಿಗೆ 400ರ ಕಾಗದದ ಚೂರು ಸುತ್ತಿಕೊಂಡು ಮುಳ್ಳುಗಳನ್ನು ನೀವಿ, ಒಂದು ಕೋಟ್ ಅರಗು ಹಚ್ಚಿ ಬಿಗಿಮಾಡಿದೆ. ಅರಗಿಲ್ಲದಿದ್ದರೆ ಚಾಕ್ ಮೇಲಿನ ಬಣ್ಣವನ್ನೆಲ್ಲ ಕುಡಿದು ಅಲ್ಲಲ್ಲಿ ಮಬ್ಬಾಗುತ್ತದೆ.

ಬಣ್ಣದ ಆಯ್ಕೆಯಲ್ಲಿ ದೊಡ್ಡಮ್ಮನದು ಒಂದೇ ಮಾತು: ಹಸಿರೇ ಇರಲಿ. ಕಾವಿ ನೆಲಕ್ಕೆ ಹಸಿರು ಒಪ್ಪುತ್ತದೆ, ನನಗೂ ಅದೇ ಬೇಕಿತ್ತು. ತಳಕ್ಕೆ ಬೂದು ಬೆರೆತ ತಿಳಿಹಸಿರು, ನೀರಿನ ಎನಾಮೆಲ್, ಎರಡು ಕೋಟ್. ಅದರ ಮೇಲೆ ಕಡುಹಸಿರಿನ ಗ್ಲೇಜ್: ಒಂದು ಪಾಲು ಬಣ್ಣಕ್ಕೆ ನಾಲ್ಕು ಪಾಲು ಪಾರದರ್ಶಕ ಗ್ಲೇಜ್ ದ್ರವ. ಇದನ್ನು ತೆಳುವಾಗಿ ಬಳಿದು, ಒದ್ದೆಯಿರುವಾಗಲೇ ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ, ಮೇಲಿಂದ ಕೆಳಗೆ ಕೈಯೆತ್ತದೆ ಎಳೆದರೆ ಸಣ್ಣ ಗೆರೆಗಳು ಬಿದ್ದು ತಳದ ತಿಳಿಬಣ್ಣ ಇಣುಕುತ್ತದೆ. ಒಂದೊಂದು ಎಳೆತಕ್ಕೂ ಬ್ರಷ್ಷನ್ನು ಬಟ್ಟೆಗೆ ಒರೆಸಬೇಕು. ದೂರದಿಂದ ಒಂದೇ ಬಣ್ಣ, ಹತ್ತಿರ ಬಂದರೆ ರೇಷ್ಮೆ ನೇಯ್ಗೆಯ ಎಳೆ.

ಗೆರೆ ಎಳೆಯುವ ಕ್ರಮದಲ್ಲೇ ಈ ಕೆಲಸದ ಅಂದವಿದೆ. ಮೊದಲು ನಡುಹಲಗೆ. ನಂತರ ಮೇಲಿನ, ಕೆಳಗಿನ ಅಡ್ಡಪಟ್ಟಿಗಳು, ಅವಕ್ಕೆ ಗೆರೆ ಅಡ್ಡಕ್ಕೆ. ಕೊನೆಗೆ ಪಕ್ಕದ ನಿಲುವುಪಟ್ಟಿಗಳು, ಗೆರೆ ಉದ್ದಕ್ಕೆ. ಮರದ ನಾರು ಹೇಗೆ ಓಡುತ್ತದೋ ಹಾಗೆಯೇ. ಅಡ್ಡಪಟ್ಟಿ ನಿಲುವುಪಟ್ಟಿಗೆ ಸೇರುವ ಕಡೆ ಟೇಪ್ ಅಂಟಿಸಿಕೊಂಡರೆ ಬಡಗಿ ಹಾಕಿದ ಕೂಡು ಬಣ್ಣದಲ್ಲೂ ಖಚಿತವಾಗಿ ಕಾಣುತ್ತದೆ. ಮೈಸೂರಿನಲ್ಲಿ ಮಾರ್ಚ್ ಮಧ್ಯಾಹ್ನ 33–34 ಡಿಗ್ರಿ ಮುಟ್ಟುವಾಗ ಗ್ಲೇಜ್ ನೋಡನೋಡುತ್ತಲೇ ಒಣಗುತ್ತದೆ, ಬ್ರಷ್ ಅಂಟುತ್ತದೆ. ಬೆಳಗಿನ ಹೊತ್ತು, ಫ್ಯಾನ್ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಹಲಗೆ ಮುಗಿಸಬೇಕು. ಮಾವಿನ ಮಳೆ ಶುರುವಾಗುವ ಮೊದಲೇ ಮುಗಿಸುವುದು ಲೇಸು, ಅದರ ಜೊತೆಗೇ ಬರುವ ಧೂಳುಗಾಳಿ ಒದ್ದೆ ಬಣ್ಣಕ್ಕೆ ಶತ್ರು.

ಉಬ್ಬುಬಳ್ಳಿಯ ಹಲಗೆಯಲ್ಲಿ ಗ್ಲೇಜನ್ನು ಎಳೆಯದೆ, ಬಳಿದು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದೆ. ಎಲೆಯ ನಡು ತಿಳಿಯಾಯಿತು, ಅಂಚಿನ ಸುತ್ತ ಕಡುಹಸಿರು ನಿಂತಿತು. ಚಿನ್ನದ ಹಾಳೆಯನ್ನು ಕಾಂಡಕ್ಕೆ ಮತ್ತು ಮೊಗ್ಗಿಗೆ ಮಾತ್ರ ಹಾಕಿದೆ. ಎಲೆಗೂ ಹಾಕೋಣವೆಂದು ಮನೆಯಲ್ಲಿ ಬಹಳ ಒತ್ತಾಯವಿತ್ತು, ನಾನು ಜಗ್ಗಲಿಲ್ಲ. ಬಾಗಿಲು ತುಂಬ ಚಿನ್ನವಾದರೆ ದೇವರಮನೆಯ ಮಂಟಪವಾದೀತು, ಉಪ್ಪಿನಕಾಯಿ ಭರಣಿಯ ಕಪಾಟಾಗಿ ಉಳಿಯದು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಹಾಳೆ ಚಿನ್ನದ್ದಲ್ಲ, ತಾಮ್ರ ಸತುವಿನ ಮಿಶ್ರಣ. ಆವಿ ತಾಗಿದರೆ ಕಪ್ಪಾಗುತ್ತದೆ. ಅದರ ಮೇಲೆ ಅರಗಿನ ತೆಳು ಕೋಟ್ ಹಾಕಿದರೆ ಗಾಳಿ ತಾಗದು, ಹೊಂಬಣ್ಣವೂ ತುಸು ಬೆಚ್ಚಗಾಗುತ್ತದೆ.

ಕೊನೆಯ ರಕ್ಷಣೆಗೆ ನೀರಿನ ಪಾಲಿಯುರೆಥೇನ್, ಅರೆಹೊಳಪಿನದು. ಮೇಲಿನ ಬಾಗಿಲಿಗೆ ಎರಡು ಕೋಟ್, ಕೆಳಗಿನದಕ್ಕೆ ಮೂರು. ಎಣ್ಣೆಯ ಪಾಲಿಯುರೆಥೇನ್ ಇನ್ನೂ ಗಟ್ಟಿ, ಆದರೆ ವರ್ಷ ಕಳೆದಂತೆ ಹಳದಿಗೆ ತಿರುಗಿ ತಿಳಿಹಸಿರನ್ನು ಕೆಡಿಸುತ್ತದೆ.

ಸನ್ಮೈಕಾ ಕ್ಯಾಬಿನೆಟ್ಟಿನ ಸಮಸ್ಯೆ ಒಂದೇ, ಅಂಟು. ಅಷ್ಟು ನುಣುಪಿನ ಮೇಲೆ ಸಾಧಾರಣ ಪ್ರೈಮರ್ ನಿಲ್ಲುವುದಿಲ್ಲ. ಜಿಡ್ಡು ತೆಗೆದು, 220ರಿಂದ ಉಜ್ಜಿ, ನುಣುಪು ಮೈಗೆಂದೇ ಬರುವ ಬಾಂಡಿಂಗ್ ಪ್ರೈಮರ್ ಹಚ್ಚಿದೆ. ಮೊದಲು ಒಂದು ಬಾಗಿಲಿನ ಹಿಂಬದಿಯಲ್ಲಿ ಮಾತ್ರ ಹಚ್ಚಿ, ಕೆಲವು ದಿನ ಬಿಟ್ಟು, ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ, ಟೇಪ್ ಒತ್ತಿ ಸರ್ರನೆ ಕಿತ್ತು ನೋಡಿದೆ. ಚೌಕುಳಿ ಏಳಲಿಲ್ಲ, ಆಮೇಲೆಯೇ ಮುಂದುವರಿದದ್ದು. ಇದಕ್ಕೆ ಮರದ ಗೆರೆ ಬರೆಯುವ ಕೆಲಸ: ತಳಕ್ಕೆ ಹಳದಿಮಣ್ಣಿನ ಬಣ್ಣ, ಮೇಲೆ ಕಡುಕಂದು ಗ್ಲೇಜ್. ಹವಾಯಿ ಚಪ್ಪಲಿಯ ರಬ್ಬರನ್ನು ಅಂಗೈಯಗಲಕ್ಕೆ ಕತ್ತರಿಸಿ, ಒಂದು ಅಂಚಿನಲ್ಲಿ ಒಂದರಷ್ಟು ಒಂದಿಲ್ಲದ ಹಲ್ಲುಗಳನ್ನು ಮಾಡಿದರೆ ಒಳ್ಳೆಯ ಬಾಚಣಿಗೆ ಸಿಗುತ್ತದೆ. ಹಲ್ಲುಗಳು ಸಮವಾಗಿದ್ದರೆ ಗೆರೆ ಯಂತ್ರದ್ದೆನಿಸುತ್ತದೆ. ಎಳೆಯುವಾಗ ಕೈಯನ್ನು ಅಲ್ಲಲ್ಲಿ ತುಸು ಓರೆ ಮಾಡಬೇಕು, ತೇಗದ ಗೆರೆ ಎಲ್ಲೂ ನೆಟ್ಟಗೆ ಹೋಗುವುದಿಲ್ಲ.

ಕಬ್ಬಿಣದ ಬೀರುವಿಗೆ ತುಕ್ಕು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಕೆನೆಬಣ್ಣದ ಎನಾಮೆಲ್ ಎರಡು ಕೋಟ್ ಹೊಡೆದೆ. ಅಲಂಕಾರ ಬೇಡವೆನಿಸಿತು.

ಗೋಡೆಕಪಾಟಿನ ಒಳಗೆ ಬಣ್ಣ ಹಾಕಲಿಲ್ಲ. ಬಣ್ಣದ ವಾಸನೆ ಬೇಳೆಗೂ ಹಿಟ್ಟಿಗೂ ಹತ್ತುತ್ತದೆ. ಅಲ್ಲಿಗೆ ಮತ್ತೆ ಅರಗೇ: ಒಣಗಿದ ಮೇಲೆ ವಾಸನೆಯಿಲ್ಲ, ಮಾತ್ರೆ ಮಿಠಾಯಿಗಳ ಹೊದಿಕೆಗೂ ಅದನ್ನು ಬಳಸುತ್ತಾರೆ. ಬಿಸಿ ಪಾತ್ರೆ ಇಟ್ಟರೆ ಬಿಳಿಯ ಕಲೆ ಬೀಳುತ್ತದೆಂಬ ಒಂದೇ ತೊಂದರೆ, ಆದ್ದರಿಂದ ತಟ್ಟಿಗೆ ದಪ್ಪ ಕಾಗದ ಹಾಸಿದೆವು.

ಬಾಗಿಲು ಕೂರಿಸಿದ ಹೊಸದರಲ್ಲಿ ಅಂಚಿಗೆ ಅಂಚು ಅಂಟಿ ಬಣ್ಣ ಕಿತ್ತುಬರುವುದುಂಟು. ಮುಟ್ಟಿದರೆ ಒಣಗಿದಂತಿದ್ದರೂ ನೀರಿನ ಬಣ್ಣ ಒಳಗೆ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಂಚಿಗೆ ಮೇಣದಬತ್ತಿ ಉಜ್ಜಿದೆ. ಅಷ್ಟು ವಾರ ಸೋಪಿನ ನೀರು ತಾಗಿಸಬೇಡಿ, ಒಣಬಟ್ಟೆ ಮಾತ್ರ ಎಂದು ದೊಡ್ಡಮ್ಮನಿಗೆ ಹೇಳಿದೆ. "ಒಲೆಯ ಪಕ್ಕದ್ದನ್ನೂ ಒರೆಸಬಾರದೇ?" ಎಂದರು. ಅದೊಂದಕ್ಕೆ ಹಿಂಡಿದ ಒದ್ದೆಬಟ್ಟೆಗೆ ಒಪ್ಪಂದವಾಯಿತು. ಉಳಿದ ಎರಡು ಹಸಿರನ್ನೂ ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ, ಬಣ್ಣದ ಸಂಖ್ಯೆ ಬರೆದು ಕಪಾಟಿನ ಮೇಲ್ತಟ್ಟಿನಲ್ಲಿ ಇಟ್ಟಿದ್ದೇನೆ. ಹಿಡಿಯ ಸುತ್ತ ಸವೆದಾಗ ಅಲ್ಲಿಗಷ್ಟೇ ಹಚ್ಚಿಕೊಳ್ಳಬಹುದು. ಮಿಕ್ಕ ಅರಗಿನ ಬಾಟಲಿಗೆ ಮಾತ್ರ ಕಲೆಸಿದ ದಿನಾಂಕ ಬರೆದಿದ್ದೇನೆ. ಆರು ತಿಂಗಳು ದಾಟಿದ ಅರಗು ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವ ಸಾಧ್ಯತೆ ಇರುವುದರಿಂದ, ಮುಂದಿನ ಸಲ ಗಾಜಿನ ಚೂರಿನ ಮೇಲೆ ಒಂದು ಹನಿ ಒಣಗಿಸಿ ನೋಡದೆ ಅದನ್ನು ಬಳಸುವುದಿಲ್ಲ.